ಅಕ್ಕನ ಹಿತ್ತಲು ಬೆರಳಷ್ಟು ಸರಿದ ವರ್ಷ

ನಾನು ಸಾಲಿ ಕಲಿತದ್ದು ಕಡಿಮೆ, ನೆಲ ನೋಡಿ ಕಲಿತದ್ದೇ ಹೆಚ್ಚು. ತೊಂಬತ್ತರ ದಶಕದ ಕೊನೆಯಲ್ಲಿ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಹಿನ್ನೀರಿಗೆ ಹೋಗುವುದು ಖಾತ್ರಿಯಾದಾಗ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚತೊಡಗಿದರು. ಆ ಸಾಗವಾನಿ ಚೌಕಟ್ಟು, ತೊಲೆ, ಕಟ್ಟೆಗಲ್ಲುಗಳನ್ನು ಕೊಂಡು ಹುನಗುಂದದ ನನ್ನ ವಖಾರಿಗೆ ತಂದು ಹಾಕಿ, ಮಾರಿ, ಕಾಲೂರಿದವನು ನಾನು. ಕಟ್ಟಿದ ಮನೆಯನ್ನು ಎಲ್ಲರೂ ನೋಡುತ್ತಾರೆ, ಬಿಚ್ಚಿದ ಮನೆಯನ್ನು ನೋಡಿದವರು ಕಡಿಮೆ. ಬಿಚ್ಚಿದಾಗಲೇ ಗೊತ್ತಾಗುವುದು, ಯಾರ ಬುನಾದಿ ಗಟ್ಟಿ ಗರಸಿನ ತನಕ ಇಳಿದಿತ್ತು, ಯಾರದು ಎರಿ ಮಣ್ಣಿನಲ್ಲೇ ನಿಂತುಬಿಟ್ಟಿತ್ತು ಎಂದು.

ಹೊರಗಿನವರಿಗೆ ಎರಿ ಎಂದರೆ ಬರೀ ಕಪ್ಪು ಮಣ್ಣು. ಅದಕ್ಕೊಂದು ಸ್ವಭಾವವಿದೆ ಎಂಬುದು ಅದರ ಮೇಲೆ ಬದುಕಿದವರಿಗೇ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಅಂಗೈ ಹೊಗುವಷ್ಟು ಬಿರಿಯುತ್ತದೆ. ಮೇಲೆ ಕೂತ ಮನೆಯೂ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ನನ್ನನ್ನು ಕೇಳಿ ಮನೆ ಕಟ್ಟುವವರಿಗೆ ನಾನು ಹೇಳುವುದಿಷ್ಟೆ: ಜಾಗವನ್ನು ಏಪ್ರಿಲ್ ಬಿಸಿಲಲ್ಲಿ ನೋಡಿರಿ. ಬಿರುಕಿನೊಳಗೆ ಒಂದು ಕಟ್ಟಿಗೆ ಇಳಿಬಿಡಿರಿ. ಕಟ್ಟಿಗೆ ಎಲ್ಲಿಯತನಕ ಹೋಯಿತೋ ಅದಕ್ಕಿಂತ ಒಂದು ಮೊಳ ಕೆಳಗೆ ಬುನಾದಿ ಇಡಿರಿ. ಮಾರುವವನು ಮಳೆಗಾಲದಲ್ಲೇ ಕರೆದು ಹಸಿರು ತೋರಿಸಿದರೆ, ಅವನ ಚಹಾ ಕುಡಿದು ಎದ್ದು ಬಂದುಬಿಡಿರಿ.

ಊರಿಗೆಲ್ಲ ಹೇಳಿದ ಈ ಮಾತನ್ನು ಸ್ವಂತ ಅಕ್ಕನ ಮನೆಗೆ ಹೇಳಲು ಹೊತ್ತು ಮೀರಿತ್ತು. ಇಳಕಲ್ಲಿನ ನೇಕಾರ ಓಣಿಯಲ್ಲಿ ಆ ಮನೆ ಕಟ್ಟಿಸಿದವರು ಅಕ್ಕನ ಮಾವ. ಬುನಾದಿ ಎರಿಯಲ್ಲೇ ನಿಂತಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಅಲ್ಲಿ ಇದ್ದು, ಮೂಡಣ ಕೋಣೆಯ ಕುಣಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗದಲ್ಲಿ, ಸೀರೆ ನೇಯುತ್ತಿದ್ದಳು. ಅದೇ ಕೋಣೆಯ ಗೋಡೆ ಬಿರಿಯಿತು. ಮಾಳಿಗೆಯ ಹತ್ತಿರ ಶುರುವಾಗಿ ಓರೆಯಾಗಿ ಕಿಟಕಿಯತನಕ ಇಳಿದ ಬಿರುಕು. ಬೇಸಿಗೆಯಲ್ಲಿ ಅದರೊಳಗೆ ನನ್ನ ಬೆರಳು ಹೋಗುತ್ತಿತ್ತು.

ಅಕ್ಕನ ಮೈದುನನ ಮನೆ ಪಕ್ಕದಲ್ಲೇ. ಹಿರಿಯರ ಒಂದೇ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಇಬ್ಬರೂ ಪಾಲು ಮಾಡಿಕೊಂಡಿದ್ದರು. ಅವನಿಗೆ ಪವರ್‌ಲೂಮಿನ ಆಸೆ. ಅಕ್ಕನ ಪಾಲನ್ನೂ ಕೆಡವಿ ಉದ್ದಕ್ಕೆ ಒಂದು ಶೆಡ್ಡು ಹಾಕಬೇಕು, ಅಕ್ಕ ಅವರ ಮನೆಯಲ್ಲೇ ಒಂದು ಕೋಣೆಯಲ್ಲಿ ಇರಬೇಕು, ಇದು ಅವನ ಲೆಕ್ಕ. ಅಕ್ಕ ಒಪ್ಪಿರಲಿಲ್ಲ. ಕೆಟ್ಟವನಲ್ಲ. ಮಳೆ ಬಂದ ರಾತ್ರಿ ಹೆಂಡತಿಯನ್ನು ಅತ್ತಿಗೆಯ ಮನೆಗೆ ಕಳಿಸಿ, "ವೈನಿ ಮಲಗ್ಯಾರೋ ಇಲ್ಲೋ, ಗೋಡಿ ನೆಟ್ಟಗೈತೋ ಇಲ್ಲೋ ನೋಡಿ ಬಾ" ಅನ್ನುವಷ್ಟು ಅಂಜಿಕೆಯೂ ಇತ್ತು. ಆದರೆ ಅಂಜಿಕೆಯೂ ಆಸೆಯೂ ಒಂದೇ ಕಡೆ ವಾಲಿದಾಗ ಮನುಷ್ಯ ತನ್ನ ಅಂಜಿಕೆಯನ್ನು ಭಾಳ ಬೇಗ ನಂಬುತ್ತಾನೆ.

ಹೊಸ ಶತಮಾನದ ಮೂರ್ನಾಲ್ಕು ವರ್ಷ ಕಳೆದಿದ್ದವು. ಒಂದು ಬೆಳಿಗ್ಗೆ ನನ್ನ ವಖಾರಿಗೆ ಒಬ್ಬ ಹೆಣ್ಣುಮಗಳು ಬಂದಳು. ಬಾಗಲಕೋಟೆಯಿಂದ ಬಸ್ಸಿನಲ್ಲಿ ಬಂದು, ನಾಲ್ಕು ಕಡೆ ವಿಚಾರಿಸಿದ್ದಳು. ಜಾಗ ಕೊಡಿಸುವವನು ನಾನೇ ಎಂದು ಯಾರೋ ಹೇಳಿ ಕಳಿಸಿದ್ದರು. ವಯಸ್ಸು ಮೂವತ್ತರ ಒಳಗೆ, ಮಾತು ಮೈಸೂರು ಕಡೆಯದು, ಹೆಗಲ ಚೀಲದಲ್ಲಿ ಸುರುಳಿ ಸುತ್ತಿದ ನಕ್ಷೆ. ದೊಡ್ಡ ಕಲಿಕೆ ಕಲಿಯುತ್ತಿದ್ದಳು. ಹಿನ್ನೀರು ನಿಂತ ಮೇಲೆ ಸುತ್ತಲಿನ ನೆಲ ಏನಾದರೂ ಸರಿಯುತ್ತದೆಯೇ ಎಂದು ಉಪಗ್ರಹದಿಂದ ನೋಡುವುದು ಅವಳ ಕೆಲಸ.

"ಎಷ್ಟು ಸರದದ್ದು ಕಾಣತೈತ್ರಿ?" ಅಂದೆ.

"ಅರ್ಧ ಬೆರಳು ಸರಿದರೂ ಕಾಣತ್ತೆ."

"ಬಾಯಾರ, ನಾ ಕಲ್ಲಿನ ವ್ಯಾಪಾರದಾವ. ನಾಕು ಮಾರು ದೂರ ನಿಂತ್ರ ನನಗ ಅರ್ಧ ಬೆರಳು ಕಾಣಂಗಿಲ್ಲ. ನೀವು ಆಕಾಶದಾಗಿಂದ ನೋಡತೀನಂತೀರಿ!"

ನಮ್ಮ ಕಡೆ ಕಲಿತ ಹೆಣ್ಣುಮಕ್ಕಳನ್ನು ಬಾಯಾರು ಎಂದು ಕರೆಯುವುದು ರೂಢಿ. ಅವಳಿಗೆ ಸಿಟ್ಟು ಬರಲಿಲ್ಲ. ಕಲ್ಲಿನ ಮೇಲೆ ಕೂತು ತಿಳಿಸಿ ಹೇಳಿದಳು. ಹಾಳು ಬಾವಿಗೆ ಬಾಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಉಪಗ್ರಹವೂ ಹಾಗೆ ನೆಲಕ್ಕೆ ರೇಡಾರ್ ಅಲೆ ಕಳಿಸಿ, ತಿರುಗಿ ಬಂದದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಮೋಡವಿದ್ದರೂ ಅಡ್ಡಿಯಿಲ್ಲ. ಮೂವತ್ತೈದು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ. ಹಿಂದಿನ ಸಲದ ದನಿಗೂ ಈ ಸಲದ ದನಿಗೂ ಹೊಂದಿಸಿ ನೋಡಿದರೆ, ನೆಲ ಹತ್ತಿರ ಬಂತೋ ದೂರ ಹೋಯಿತೋ ತಿಳಿಯುತ್ತದೆ. ಆದರೆ ಹೊಲದಲ್ಲಿ ಜೋಳ ಬೆಳೆಯುತ್ತದೆ, ಎಲೆ ಅಲ್ಲಾಡುತ್ತದೆ, ಪ್ರತಿ ಸಲ ದನಿ ಬೇರೆ. ಅದಕ್ಕೇ ಮೂರು ತಗಡುಗಳನ್ನು ನೆಟ್ಟಗೆ ಕೂಡಿಸಿದ ಒಂದು ಮೂಲೆ ಬೇಕು, ಅದು ಅಲೆಯನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಅಂಥ ನಾಲ್ಕು ಮೂಲೆಗಳನ್ನು ನಾಲ್ಕು ಕಡೆ ನೆಟ್ಟು, ಎರಡು ವರ್ಷ ಯಾರೂ ಕದಲಿಸದಂತೆ ನೋಡಿಕೊಳ್ಳಬೇಕು. ಎರಡು ಕದಲದ ಬಂಡೆಯ ಮೇಲೆ, ಎರಡು ಕದಲುವ ನೆಲದ ಮೇಲೆ.

"ಕದಲೋ ನೆಲ ಬೇಕಂದ್ರ ನಮ್ಮ ಅಕ್ಕನ ಹಿತ್ತಲ ಐತಿ," ಅಂದೆ. ಮಾತು ಬಾಯಿಂದ ಜಾರಿತು ಅನ್ನುವಂತಿಲ್ಲ. ಗೋಡೆಯ ಜಗಳಕ್ಕೆ ನ್ಯಾಯ ಹೇಳುವ ಪಂಚರೊಬ್ಬರು ಸಿಕ್ಕರಲ್ಲ ಎಂದು ಆಗಲೇ ತಲೆ ಓಡುತ್ತಿತ್ತು.

ಜಾಗ ಹುಡುಕಿ ಮೂಲೆಗಳನ್ನು ಕಾಯುವ ಕೆಲಸವನ್ನು ಅವಳು ನನಗೇ ಒಪ್ಪಿಸಿದಳು. ತಗಡಿನ ಮೂಲೆಗಳನ್ನು ಬಾಗಲಕೋಟೆಯಲ್ಲಿ ಮಾಡಿಸಿದೆವು. ವೆಲ್ಡಿಂಗ್ ಅಂಗಡಿಯವನು ಗೋದಲಿ, ಗೇಟು, ಟ್ರಾಲಿ ಮಾಡಿದವನೇ ಹೊರತು ಇಂಥದ್ದು ಮಾಡಿದವನಲ್ಲ. ಮೂಲೆ ಒಂದಿಷ್ಟೂ ಸೊಟ್ಟ ಇರಬಾರದು ಎಂದಾಗ ನಕ್ಕ. "ದೇವರ ಗುಡಿ ಕಟ್ಟಿದವರೂ ಇಷ್ಟು ಕೇಳಿಲ್ಲರೀ." ಗೌಂಡಿಗಳು ಗೋಡೆಯ ಮೂಲೆ ನೋಡುವ ಗುನ್ಯಾ ತರಿಸಿ ಅವನೆದುರೇ ಇಟ್ಟು, ಹಗೂರ ಬೆಳಕು ನುಸುಳಿದ ಕಡೆಯೆಲ್ಲ ಬಿಚ್ಚಿ ಮತ್ತೆ ಕೂಡಿಸಲು ಹಚ್ಚಿದೆ. ದರ ಹಿಡಿದು ಜಗ್ಗುವವರು ಭಾಳ ಮಂದಿ. ನಾನು ಕೆಲಸ ಹಿಡಿದು ಜಗ್ಗುತ್ತೇನೆ. ದರ ಬಿಟ್ಟುಕೊಟ್ಟರೆ ಒಂದು ದಿನ ನೋವು, ಕೆಲಸ ಬಿಟ್ಟುಕೊಟ್ಟರೆ ವರ್ಷಾನುಗಟ್ಟಲೆ.

ದೀಪಾವಳಿ ಮುಗಿದ ಮೇಲೆ ನಾಲ್ಕನ್ನೂ ನೆಟ್ಟೆವು. ಒಂದು ಬಾದಾಮಿ ಹತ್ತಿರ ನನ್ನ ಪರಿಚಯದವರ ಹೊಲದೊಳಗಿನ ಹಾಸುಬಂಡೆಯ ಮೇಲೆ, ಒಂದು ಇಳಕಲ್ಲಿನ ಹೊರಗೆ ಕೆಂಪು ಬಂಡೆಯ ಮೇಲೆ, ಒಂದು ಬಾಗಲಕೋಟೆಯ ಹಿನ್ನೀರಿನ ದಂಡೆಗೆ, ಒಂದು ಅಕ್ಕನ ಹಿತ್ತಲಲ್ಲಿ. ಸೊಂಟದೆತ್ತರದ್ದು, ಮೂರು ಕಾಲು, ಒಂದೊಂದು ಕಾಲಿಗೆ ಒಂದೊಂದು ಬೋಲ್ಟು, ಕೆಳಗೆ ಕಾಂಕ್ರೀಟಿನ ಕಟ್ಟೆ. ಉಪಗ್ರಹ ಮೂಡಣ ಮಗ್ಗುಲಲ್ಲಿ ಹಾಯುತ್ತದಂತೆ, ಅದಕ್ಕೆ ಎಲ್ಲದರ ಬಾಯಿಯೂ ಮೂಡಣಕ್ಕೆ.

"ದೇವರ ಮಾಡ ಇದ್ದಂಗ ಐತಲ್ಲೋ ತಮ್ಮಾ," ಅಂದಳು ಅಕ್ಕ.

"ದೇವರಲ್ಲ, ಸಾಮಾನು. ಯಾರಿಗೂ ಮುಟ್ಟಗೊಡಬ್ಯಾಡ. ನಿನ್ನ ಮಗ್ಗ ಹೆಂಗ ನೋಡಕೋತಿ, ಹಂಗ ನೋಡಕೊ."

"ಅದನ್ನೇನು ನೀ ಹೇಳಿಕೊಡಬೇಕೇನು ನನಗ?" ಅಂದು ಒಳಗೆ ಹೋದಳು.

ಇನ್ನೊಂದು ಸಂಗತಿಯಿದೆ. ಹೊಸ ತಕ್ಕಡಿ ತಂದವನ ಮಾತು ಕೇಳಿ ನಾನು ಎಂದೂ ಸರಕು ತೂಗಿಸಿದವನಲ್ಲ, ಮೊದಲು ನನ್ನ ಗೊತ್ತಿನ ಕಲ್ಲು ಇಟ್ಟು ನೋಡುತ್ತೇನೆ. ಆ ಬೇಸಿಗೆಯಲ್ಲಿ ಬಾದಾಮಿಗೆ ಹೋದಾಗ ಯಾರಿಗೂ ಹೇಳದೆ ಅಲ್ಲಿನ ಮೂಲೆಯ ಬೋಲ್ಟು ಸಡಿಲಿಸಿ, ಮೂರೂ ಕಾಲಿನ ಕೆಳಗೆ ಒಂದೇ ದಪ್ಪದ ಗ್ರಾನೈಟ್ ಟೈಲ್ಸಿನ ಚೂರು ಸೇರಿಸಿ, ಮತ್ತೆ ಬಿಗಿದು ಬಂದೆ. ಅರ್ಧ ಬೆರಳು ದಪ್ಪ.

ಎರಡು ತಿಂಗಳಾದ ಮೇಲೆ ವಖಾರಿಗೆ ಫೋನು ಬಂತು.

"ಬಾದಾಮಿ ಬಂಡೆ ಮೇಲಿರೋದು ಅರ್ಧ ಬೆರಳು ಎದ್ದಿದೆ. ಬಂಡೆ ಹಾಗೆ ಏಳೋ ಹಾಗಿಲ್ಲ. ನಿಮಗೇನಾದ್ರೂ ಗೊತ್ತಾ?"

"ತಕ್ಕಡಿ ನೋಡಿದ್ನಿರಿ ಬಾಯಾರ. ಖರೆ ಐತಿ ನಿಮ್ಮದು," ಅಂದೆ.

ಆಚೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮೈಸೂರು ಕಡೆಯವರಿಗೆ ಬೈಯಲು ಬರುವುದಿಲ್ಲ ಅನ್ನುವವರು ಕೇಳಬೇಕಿತ್ತು. ಬೈದು ಮುಗಿಸಿ, "ಆ ಟೈಲ್ಸ್ ಚೂರು ಎಷ್ಟು ದಪ್ಪ ಇದೆ, ಸರಿಯಾಗಿ ಅಳೆದು ಹೇಳಿ" ಅಂದಳು. ಅಳೆದು ಹೇಳಿದೆ. ಅವಳ ಲೆಕ್ಕಕ್ಕೂ ನನ್ನ ಚೂರಿಗೂ ತಾಳೆಯಾಯಿತು. ಮರುದಿನವೇ ಹೋಗಿ ಚೂರು ತೆಗೆಯಬೇಕು, ಇನ್ನೊಮ್ಮೆ ಹೀಗೆ ಮಾಡಿದರೆ ನನ್ನನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿದಳು. ಆದರೆ ದನಿಯಲ್ಲಿ ಖುಷಿಯಿತ್ತು.

ಅಂದಿನಿಂದ ನಾನು ಆ ಉಪಗ್ರಹವನ್ನು ಪೂರ್ತಿ ನಂಬಿದೆ. ನಂಬಿದ ಹುರುಪಿನಲ್ಲೇ ಇಳಕಲ್ಲಿಗೆ ಹೋಗಿ, ಅಕ್ಕನ ಮೈದುನನನ್ನು ಕೂಡಿಸಿಕೊಂಡು ಒಂದು ಕರಾರು ಮಾಡಿದೆ.

"ನೋಡ್ರಿ ಬೀಗರ. ನೆಲ ಮುಂದಿನ ಸಂಕ್ರಾಂತಿ ತನಾ ಸುಮ್ಮನ ಏರಿ ಇಳದ್ರ ನೀವು ಮನಿ ಕೆಡವೋ ಮಾತು ಬಿಡಬೇಕು. ಇಳದದ್ದು ಇಳದಂಗ ಹೊಂಟಿತಂದ್ರ, ನಾನ ನಿಂತು ಅಕ್ಕನ ಮನಿ ಬಿಡಿಸಿ ಕೊಡತೀನಿ."

"ಮಾತು ಮಾತಾಗಿರಬೇಕು," ಅಂದ.

"ಮಾತು ಮಾತಾಗಿರತೈತಿ."

ಅಕ್ಕನ ಮನೆಯನ್ನು ಪಣಕ್ಕಿಟ್ಟು ಇಬ್ಬರೂ ಕೈಮೇಲೆ ಕೈ ಹಾಕಿದೆವು. ಅಕ್ಕನನ್ನು ಕೇಳಲಿಲ್ಲ. ಗೆಲ್ಲುವ ಬಾಜಿಗೆ ಕೇಳುವುದೇನು ಎಂದು ನನ್ನ ಎಣಿಕೆ. ಎರಿ ನೆಲ ಏರಿ ಇಳಿಯುತ್ತದೆ, ಕುಸಿಯುವುದಿಲ್ಲ, ಇದು ನನಗೆ ಗೊತ್ತಿದ್ದ ಸಂಗತಿ. ಉಪಗ್ರಹ ಅದನ್ನೇ ಹೇಳುತ್ತದೆ ಎಂಬ ಭರವಸೆ.

ಮಳೆಗಾಲದತನಕ ಹೇಳಿತು ಕೂಡ. ಬೇಸಿಗೆಯಲ್ಲಿ ಹಿತ್ತಲು ನಿಧಾನ ಇಳಿಯಿತು, ಮಳೆ ಬಿದ್ದ ಮೇಲೆ ನಿಧಾನ ಏರಿತು. ನಾನು ಮೈದುನನಿಗೆ ಪ್ರತಿ ಸಲ ಚಹಾ ಅಂಗಡಿಯಲ್ಲಿ ಸುದ್ದಿ ಕೊಟ್ಟು ಹುಬ್ಬು ಏರಿಸುತ್ತಿದ್ದೆ. ದಸರೆ ಮುಗಿಯಿತು, ದೀಪಾವಳಿ ಮುಗಿಯಿತು. ಡಿಸೆಂಬರಿನಲ್ಲಿ ಫೋನು ಬಂತು.

"ನಿಮ್ಮ ಅಕ್ಕನ ಹಿತ್ತಲು ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ ಅರ್ಧ ಬೆರಳು ಇಳಿದಿದೆ," ಅಂದಳು. "ಮಳೆ ಮುಗಿದಿದೆ, ನೆಲ ಹಸಿ ಇದೆ, ಇಳಿಯೋ ಕಾಲ ಅಲ್ಲ. ಹತ್ತಿರದ ಕೆಂಪು ಬಂಡೆ ಮೇಲಿರೋದು ಕದಲಿಲ್ಲ. ನನಗೂ ಅರ್ಥ ಆಗ್ತಿಲ್ಲ. ಮನೆಯಲ್ಲಿ ಜನ ಇದ್ದಾರಲ್ಲ, ಹುಷಾರಾಗಿರಿ ಅಂತ ಹೇಳೋಕೆ ಫೋನ್ ಮಾಡಿದೆ."

ಸುದ್ದಿಯನ್ನು ಮುಚ್ಚಿಡಬಹುದಿತ್ತು, ಆ ಫೋನು ಬಂದದ್ದು ನನಗೊಬ್ಬನಿಗೇ. ಆದರೆ ತಕ್ಕಡಿ ನಮ್ಮ ಕಡೆ ವಾಲಿದಾಗ ಖರೆ, ಅವರ ಕಡೆ ವಾಲಿದಾಗ ಸುಳ್ಳು ಎನ್ನುವವನ ಅಂಗಡಿ ಭಾಳ ದಿನ ನಡೆಯುವುದಿಲ್ಲ. ಎರಡನೆಯ ದಿನ ಇಳಕಲ್ಲಿನ ಬಸ್ಸು ಹತ್ತಿ ಹೋಗಿ ಮೈದುನನಿಗೆ ಹೇಳಿದೆ. ಅವನು ಹಿಗ್ಗಲಿಲ್ಲ. "ಅಂದ್ರ ಖರೇನ ಬೀಳತೈತಿ ಆ ಗೋಡಿ," ಅಂದು ನನ್ನನ್ನು ಎಳೆದುಕೊಂಡೇ ಅಕ್ಕನ ಮನೆಗೆ ಬಂದ.

ಅಕ್ಕ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದಳು. ನಮ್ಮಿಬ್ಬರನ್ನೂ ನೋಡಿ ಲಾಳಿ ನಿಲ್ಲಿಸದೆ, "ಏನು, ಇಬ್ಬರೂ ಕೂಡಿ ಬಂದೀರಿ? ಹೆಣ್ಣು ನೋಡಾಕ ಬಂದಂಗ ಐತಿ," ಅಂದಳು.

"ವೈನಿ, ನೆಲ ಇಳದೈತಂತ. ಮ್ಯಾಲಿಂದ ನೋಡಿ ಹೇಳ್ಯಾರ."

"ಮ್ಯಾಲಿಂದ ನೋಡಿದವರು ಕೆಳಗ ಕುಂತಾಕಿನ್ನ ಕೇಳ್ಯಾರೇನು?"

ಬಾಜಿಯ ಸಂಗತಿಯನ್ನು ನಾನೇ ಹೇಳಬೇಕಾಯಿತು. ಸಂಕ್ರಾಂತಿಗೆ ಮನೆ ಬಿಡಿಸಿ ಕೊಡುವುದಾಗಿ ಮಾತು ಕೊಟ್ಟಿದ್ದೇನೆ ಎಂದೆ. ಆಗ ಲಾಳಿ ನಿಂತಿತು.

"ಯಾರ ಮನಿ?"

ನಾನು ಮೈದುನನ ಕಡೆ ನೋಡಿದೆ.

"ಯಾರ ಮನಿ ಅಂತ ಕೇಳಾಕತ್ತೀನಿ. ಹಳೀ ಬಾಗಲಕೋಟಿ ಚೌಕಟ್ಟಂತ ತಿಳಕೊಂಡಿಯೇನು, ಕಿತ್ತುಕೊಂಡು ಮಾರಾಕ?"

ಮೈದುನ ನಡುವೆ ಬಾಯಿ ಹಾಕಿದ. "ವೈನಿ, ನಿಮ್ಮ ಜೀವಕ್ಕ ಹೇಳಾಕತ್ತೇವಿ. ನೆಲ ಇಳದ್ರ..."

"ಇಳದ್ರ ನನಗ ಗೊತ್ತಾಗಂಗಿಲ್ಲೇನು? ಈ ಕುಣಿಯಾಗ ಕಾಲಿಟ್ಟು ಇಪ್ಪತ್ತಾರು ವರ್ಷ ಆತು. ನೆಲ ಒಂದೀಟ ವಾಲಿದ್ರ ಮೊದಲು ನನ್ನ ಹಾಸು ಹೇಳತೈತಿ. ಮೂಡಣ ಕಡಿ ಎಳಿ ಜೋತು ಬೀಳತಾವ, ಸೀರಿ ಅಂಚು ಸೊಟ್ಟ ಬರತೈತಿ. ಬ್ಯಾಸಗ್ಯಾಗ ಹಂಗ ಆಕ್ಕೈತಿ, ಆ ಕಡಿ ಗೂಟಕ್ಕ ಒಂದು ಕಟ್ಟಿಗಿ ಬೆಣಿ ಹಾಕತೀನಿ. ಮಳಿಗಾಲ ಮುಗದ ಮ್ಯಾಲ ನೆಲ ಏರಿರತೈತಿ, ದಸರಿ ಖಂಡೇಪೂಜಿಗೆ ಮಗ್ಗ ಬಿಚ್ಚಿ ತೊಳಿಯೋವಾಗ ಬೆಣಿ ತಗೀತೀನಿ. ವರ್ಷಾ ಇದ ಆತು."

ನಾನು ತಟ್ಟನೆ ಕೇಳಿದೆ. "ಈ ವರ್ಷ ತಗದಿಯೇನು?"

"ತಗದೀನಿ. ತಗದ ಬೆಣಿ ದಂಡ ಆಗಬಾರದಂತ ನಿನ್ನ ತಗಡಿನ ಮೂಲಿಗಿ ಹಾಕೀನಿ."

"ಏನಂದಿ?"

"ಮತ್ತ ಇಡುವಾಗ ಗಡಗಡ ಅಲ್ಲಾಡತಿತ್ತು. ಬೆರಳು ದಪ್ಪದ ಬೆಣಿ, ಮೂರು ತುಂಡ ಮಾಡಿ ಮೂರು ಕಾಲಿಗೂ ಕೊಟ್ಟೀನಿ. ಈಗ ನೋಡ ಹೋಗು, ಆನಿ ತಿಕ್ಕಿದ್ರೂ ಅಲ್ಲಾಡಂಗಿಲ್ಲ."

"ಮತ್ತ ಇಡುವಾಗ ಅಂದ್ರ? ಅದನ್ನ ಬಿಚ್ಚಿದವರು ಯಾರು?"

"ನಾನ ಬಿಚ್ಚೀನಿ. ಖಂಡೇಪೂಜಿ ದಿನ ಮಗ್ಗದ ಹಣಿಗಿ, ಲಾಳಿ ಎಲ್ಲಾ ತೊಳದು ಪೂಜಿಗಿ ಇಡೋದಿಲ್ಲೇನು? ಅದನ್ನೂ ಬಿಚ್ಚಿ ಒಳಗ ತಂದು, ತೊಳದು, ಈಬತ್ತಿ ಹಚ್ಚಿ, ಕಾಯಿ ಒಡದು, ಎಲ್ಲಿತ್ತೋ ಅಲ್ಲೇ ಇಟ್ಟೀನಿ. ಮಾರಿ ಮೂಡಣಕ್ಕ ಐತಿ, ನೋಡಕೊ."

"ಯಾರಿಗೂ ಮುಟ್ಟಗೊಡಬ್ಯಾಡ ಅಂದಿದ್ನಲ್ಲ!"

"ಯಾರಿಗೂ ಮುಟ್ಟಗೊಟ್ಟಿಲ್ಲ. ನಾನು ಮತ್ತ ಬಾಜೂ ಮನಿಯಾಕಿ ಇಬ್ಬರ ಎತ್ತೇವಿ. ಆಕಿ ಜಳಕ ಮಾಡಿ ಬಂದಿದ್ಲು."

ಅಕ್ಕ ಮುಂದುವರಿಸಿದಳು. "ಮಗ್ಗದಂಗ ನೋಡಕೊ ಅಂದಾಂವ ನೀನ. ಖಂಡೇಪೂಜಿಗೆ ಮಗ್ಗ ಬಿಚ್ಚಿ ತೊಳಿಲಾರದಾಕಿ ಯಾವ ನೇಕಾರಾಕಿ, ಹೇಳು?"

ತಪ್ಪು ಅವಳದಲ್ಲ. ಕಲ್ಲಿನ ವ್ಯಾಪಾರಿ 'ನೋಡಿಕೋ' ಅಂದರೆ ಮುಟ್ಟದೆ ಇಡು ಎಂದರ್ಥ. ನೇಕಾರರಲ್ಲಿ ನೋಡಿಕೊಳ್ಳುವುದೆಂದರೆ ಬಿಚ್ಚುವುದು, ತೊಳೆಯುವುದು, ಪೂಜಿಸುವುದು, ಅಲ್ಲಾಡಿದರೆ ಬೆಣಿ ಕೊಡುವುದು. ಯಾರಿಗಾದರೂ ಕೆಲಸ ಒಪ್ಪಿಸುವಾಗ ನಿಮ್ಮ ಮಾತಿನಲ್ಲಿ ಒಪ್ಪಿಸಬೇಡಿರಿ, ಅವರ ಕಸುಬಿನಲ್ಲಿ ಆ ಮಾತಿಗೆ ಏನರ್ಥ ಎಂದು ಕೇಳಿ ಒಪ್ಪಿಸಿರಿ. ಆ ಬುದ್ಧಿ ನನಗೆ ಬಂದದ್ದು ಆವತ್ತು.

ಎದೆ ಹಗುರವಾಗಿ ಮೈದುನನ ಕಡೆ ತಿರುಗಿದೆ. ಅವನು ಹಗುರಾಗಿರಲಿಲ್ಲ, ಲೆಕ್ಕ ಹಾಕುತ್ತಿದ್ದ.

"ತಡೀರಿ ಬೀಗರ," ಅಂದ. "ಬೆಣಿ ಕೊಟ್ರ ಮೂಲಿ ಏರಬೇಕು, ಹೌದಿಲ್ಲೊ? ಅವರು ಇಳದೈತಿ ಅಂತಾರ. ಅಂದ್ರೇನಾತು? ವೈನಿ ಒಂದು ಬೆರಳು ಏರಿಸಿದ ಮ್ಯಾಲೂ ಅರ್ಧ ಬೆರಳು ಇಳದೈತಿ. ಅಂದ್ರ ನೆಲ ಒಂದೂವರಿ ಬೆರಳು ಇಳದೈತಿ!"

ಮಾತು ಸರಿಯಾಗಿಯೇ ಇತ್ತು. ನನ್ನ ಬಾದಾಮಿಯ ಟೈಲ್ಸ್ ಚೂರು ಏರಿದ್ದನ್ನು ಏರಿದೆ ಎಂದೇ ಹೇಳಿದ ತಕ್ಕಡಿ, ಅಕ್ಕನ ಬೆಣಿಗೆ ಯಾಕೆ ಉಲ್ಟಾ ಹೇಳಿತು? ಅಕ್ಕನೂ ನನ್ನ ಮುಖ ನೋಡಿದಳು. ನಾನು ಹಿತ್ತಲಿಗೆ ಹೋಗಿ ಮೂರು ತುಂಡುಗಳಲ್ಲಿ ಒಂದರ ದಪ್ಪ ಅಳೆದುಕೊಂಡು, ಅಲ್ಲಿಂದ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಅಂಗಡಿಗೆ ನಡೆದೆ. ಮೈದುನನೂ ಹಿಂದೆಯೇ ಬಂದ.

ಪೂಜೆ, ಬೆಣಿ, ಎಲ್ಲವನ್ನೂ ಬಾಯಾರಿಗೆ ಹೇಳಿದೆ. ಈ ಸಲ ಬೈಗುಳ ಬರಲಿಲ್ಲ. "ಎಷ್ಟು ದಪ್ಪ?" ಎಂದು ಮಾತ್ರ ಕೇಳಿದಳು.

"ಸರೀ ಒಂದು ಬೆರಳು. ಎರಡು ಸೆಂಟಿಮೀಟರಿಗೆ ಕೂದಲೆಳಿ ಕಮ್ಮಿ."

ಆಚೆ ಕಾಗದದ ಸದ್ದು. ಆಮೇಲೆ ಒಂದು ನಗು.

"ನಿಮ್ಮ ಹತ್ರ ಗಡಿಯಾರ ಇದೆಯಾ?" ಅಂದಳು. "ದೊಡ್ಡ ಮುಳ್ಳು ಹನ್ನೆರಡರ ಮೇಲಿದೆ ಅಂದ್ಕೊಳ್ಳಿ. ಕಣ್ಣು ಮುಚ್ಚಿ ತೆಗೆದ್ರಿ. ಮುಳ್ಳು ಎಂಟರ ಮೇಲಿದೆ. ಅದು ಮುಂದೆ ನಲವತ್ತು ನಿಮಿಷ ಹೋಯ್ತೋ, ಹಿಂದೆ ಇಪ್ಪತ್ತು ನಿಮಿಷ ಬಂತೋ? ಮುಳ್ಳನ್ನ ನೋಡಿದ್ರೆ ಗೊತ್ತಾಗಲ್ಲ. ನನ್ನ ರೇಡಾರೂ ಹಾಗೇ. ಒಂದೂವರೆ ಬೆರಳಿಗೆ ಒಂದು ಸುತ್ತು. ಅರ್ಧ ಸುತ್ತಿನೊಳಗೆ ಸರಿದಿದ್ರೆ ಸರಿಯಾಗಿ ಹೇಳತ್ತೆ. ನಿಮ್ಮ ಟೈಲ್ಸ್ ಅರ್ಧ ಬೆರಳು, ಅದಕ್ಕೇ ಸರಿ ಹೇಳ್ತು. ನಿಮ್ಮ ಅಕ್ಕ ಒಂದು ಬೆರಳು ಏರಿಸಿದಾರೆ. ಯಂತ್ರ ಹತ್ತಿರದ ದಾರಿ ಹಿಡಿದು, ಅರ್ಧ ಬೆರಳು ಇಳಿದಿದೆ ಅಂದಿದೆ."

ನಾನು ರಿಸೀವರನ್ನು ಮೈದುನನ ಕಿವಿಗೆ ಹಿಡಿದು, ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿದೆ. ಅವನು ಎಸ್‌ಟಿಡಿ ಅಂಗಡಿಯ ಗೋಡೆಯ ಮೇಲಿದ್ದ ಗಡಿಯಾರವನ್ನೇ ನೋಡುತ್ತ "ಹೂಂರಿ, ಹೂಂರಿ" ಅಂದ. ರಿಸೀವರು ಇಟ್ಟ ಮೇಲೆ, "ಇದು ಅವರ ಮಾತು. ನಾ ಹೆಂಗ ನಂಬಲಿ? ಮೊದಲು ಇಳದೈತಿ ಅಂದ್ರು, ಈಗ ಏರೈತಿ ಅಂತಾರ," ಅಂದ.

ಕೇಳಬೇಕಾದ್ದೇ ಕೇಳಿದ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಅಲ್ಲಿಯೇ ಚಹಾ ತರಿಸಿ ಹೊಸ ಚೌಕಾಸಿಗೆ ಕೂತೆ. ಬೆಣಿ ತೆಗೆಯೋಣ. ಬಾಯಾರ ಮಾತು ಖರೆ ಇದ್ದರೆ, ಮುಂದಿನ ಸಲ ಹಿತ್ತಲು ಅರ್ಧ ಬೆರಳು ಏರಿದ ಹಾಗೆ ಕಾಣಬೇಕು. ತೆಗೆದರೆ ಇಳಿಯಬೇಕಾದ್ದು ಏರಿತು ಎಂದು ಬರಬೇಕು. ಆಗ ಆ ಉಲ್ಟಾ ಲೆಕ್ಕ ಸಾಬೀತು. ಹಾಗೆ ಬರದಿದ್ದರೆ ಸಂಕ್ರಾಂತಿ ಕಳೆದ ಮೇಲೆಯೇ ಆಗಲಿ, ನನ್ನ ಮಾತು ನನ್ನ ಮೇಲೆ.

"ಈ ಸಲ ವೈನೀನ ಕೇಳ್ರಿ," ಅಂದ.

ಕೇಳಿದೆವು. ಅಕ್ಕ ಹಣಿಗೆ ಬಡಿಯುತ್ತಲೇ ಅಂದಳು: "ನೆಲ ಇಳದಿದ್ರ ನಾನ ಹೇಳತೀನಿ, ನಾನ ಬಿಡತೀನಿ. ಇಳದಿಲ್ಲ. ನೋಡಕೋಬೇಕಂದ್ರ ನೋಡಕೋರಿ, ನನಗೇನು."

ಬಾಯಾರು ತಾವೇ ಬಂದು, ಬೆಣಿ ತೆಗೆಸಿ, ಬೋಲ್ಟು ಬಿಗಿಸಿದರು. ಇಷ್ಟರಲ್ಲಿ ನನ್ನ ಬಾಯಲ್ಲಿ ಅವರಿಗೆ ಬಹುವಚನ ಬಂದಿತ್ತು. ಅಕ್ಕನ ಜೊತೆ ಮಗ್ಗದ ಕೋಣೆಯಲ್ಲಿ ಅರ್ಧ ದಿನ ಕೂತು, ಯಾವ ತಿಂಗಳು ಬೆಣಿ, ಎಷ್ಟು ದಪ್ಪದ ಬೆಣಿ ಎಂದು ಒಂದೊಂದೂ ಬರೆದುಕೊಂಡರು. "ಇಪ್ಪತ್ತಾರು ವರ್ಷದ್ದು ನೆನಪಿದೆಯಾ?" ಎಂದು ಕೇಳಿದಾಗ ಅಕ್ಕ, "ಸೀರಿ ಅಂಚು ಸೊಟ್ಟ ಬಂದ ವರ್ಷ ಮರೀತೈತೇನವಾ?" ಅಂದಳು.

ಆ ಸಲದ ಉಪಗ್ರಹದ ಚಿತ್ರ ಕೈಗೆ ಬರುವಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂದಿತ್ತು. ಬಾಯಾರು ಫೋನು ಮಾಡಲಿಲ್ಲ, ಕಾಗದದ ಮೇಲೆ ಗೆರೆ ಹಾಕಿಸಿಕೊಂಡು ಇಳಕಲ್ಲಿಗೇ ಬಂದರು. ಬೆಣಿ ತೆಗೆದ ದಿನದಲ್ಲಿ ಗೆರೆ ಅರ್ಧ ಬೆರಳು ಮೇಲೆ ಹಾರಿತ್ತು. ಬೆಣಿಯ ಆ ಎರಡು ಹಾರಿಕೆಗಳನ್ನು ಕಳೆದು ಹಾಕಿದ ಇನ್ನೊಂದು ಗೆರೆ ಕೆಳಗಿತ್ತು. ಅದು ಬೇಸಿಗೆಗೆ ಇಳಿದು, ಮಳೆಗೆ ಏರಿ, ವರ್ಷ ತಿರುಗಿದಾಗ ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದು ನಿಂತಿತ್ತು, ಮಲಗಿದವನ ಹೊಟ್ಟೆ ಏರಿ ಇಳಿದ ಹಾಗೆ. ಮೈದುನ ಕಾಗದವನ್ನು ತನ್ನ ಕೈಯಲ್ಲೇ ಹಿಡಿದು, ಹಿತ್ತಲಿಗೆ ಒಯ್ದು, ಬಿಸಿಲಲ್ಲಿ ಹಿಡಿದು ನೋಡಿದ.

"ಆತು. ನೆಲ ಇಳದಿಲ್ಲ," ಅಂದ. ಆಮೇಲೆ ಗೋಡೆಯ ಕಡೆ ಕೈ ತೋರಿಸಿದ. "ಹಂಗಾದ್ರ ಇದು ಯಾಕ ಬಿರದೈತಿ?"

ಬಾಯಾರು ತಲೆ ಅಲ್ಲಾಡಿಸಿದರು. ತಮ್ಮ ಮೂಲೆ ಹೇಳುವುದು ಹಿತ್ತಲಿನ ಆ ಒಂದು ಜಾಗದ ಸುದ್ದಿ ಮಾತ್ರ, ಗೋಡೆಯ ಕೆಳಗಿನದ್ದು ತಮಗೆ ಗೊತ್ತಿಲ್ಲ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಕಲಿತವರ ಜೊತೆ ವ್ಯವಹಾರ ಮಾಡಲು ನನಗೆ ಇವತ್ತಿಗೂ ಖುಷಿ. ಇನ್ನು ಮುಂದಿನದು ನನ್ನ ಪಾಲಿನ ಕೆಲಸ. ಗುದ್ದಲಿ ತರಿಸಿ ಗೋಡೆಯ ಬುಡದಲ್ಲಿ ಎರಡು ಕಡೆ ಅಗೆದೆ. ಬಿರುಕಿನ ಈಚೆ ಮೊಳದಾಳದಲ್ಲಿ ಮಣ್ಣು ಒಣಗಿ ಹೆಂಟೆಯಾಗಿತ್ತು. ಬಿರುಕಿನ ಆಚೆ ಮೂಲೆಯಲ್ಲಿ ಅದೇ ಆಳದ ಮಣ್ಣು ನಾದಿದ ಹಿಟ್ಟಿನ ಹಾಗೆ ಕೈಗೆ ಮೆತ್ತಿತು. ಮಾಘ ಮಾಸದಲ್ಲಿ!

ಗೋಡೆಯ ಆ ಮೂಲೆಯ ಹಿಂದೆಯೇ ಬಚ್ಚಲು. ಅದರ ನೀರು ಗೋಡೆಯ ಬುಡಕ್ಕೆ ಇಂಗುತ್ತಿತ್ತು. ಸುತ್ತಲಿನ ಎರಿ ಬೇಸಿಗೆಗೆ ಕುಗ್ಗಿ ಇಳಿದರೆ, ಆ ಮೂಲೆ ಮಾತ್ರ ವರ್ಷವಿಡೀ ನೀರು ಕುಡಿದು ಉಬ್ಬಿಕೊಂಡೇ ಇರುತ್ತಿತ್ತು. ಗೋಡೆಯ ಒಂದು ಕಾಲು ಇಳಿಯುತ್ತದೆ, ಇನ್ನೊಂದು ಕಾಲು ಇಳಿಯುವುದಿಲ್ಲ. ಬಿರಿಯದೆ ಏನು ಮಾಡೀತು?

"ಬಚ್ಚಲ ನೀರು ಇತ್ತ ಯಾವಾಗಿಂದ ಬಿಟ್ಟಿ?" ಎಂದು ಅಕ್ಕನನ್ನು ಕೇಳಿದೆ.

ಅಕ್ಕ ಮೈದುನನನ್ನು ನೋಡಿದಳು. ಮೈದುನ ನಡುವಿನ ಗೋಡೆಯನ್ನು ನೋಡಿದ. ಪಾಲು ಮಾಡಿ ಗೋಡೆ ಎಬ್ಬಿಸಿದಾಗ ಹಳೆಯ ಗಟಾರು ಅವನ ಅಂಗಳದೊಳಗೆ ಉಳಿದಿತ್ತು. ಅಕ್ಕನ ಬಚ್ಚಲ ನೀರು ಅವತ್ತಿನಿಂದ ದಾರಿಯಿಲ್ಲದೆ ಮೂಲೆಗೆ ನಿಂತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಗೋಡೆ ಕಟ್ಟುವಾಗ ಎಲ್ಲರೂ ಮನುಷ್ಯರ ದಾರಿ ನೋಡುತ್ತಾರೆ, ನೀರಿನ ದಾರಿ ನೋಡುವುದಿಲ್ಲ. ಮನೆ ಪಾಲು ಮಾಡಿಕೊಳ್ಳುವವರು ಇದೊಂದನ್ನು ನೆನಪಿಡಬೇಕು.

ನಾನು ಚೌಕಾಸಿಗೆ ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಹಿಡಿದಳು.

"ನೀ ಸುಮ್ಮನ ಇರು," ಅಂದು ಮೈದುನನ ಕಡೆ ತಿರುಗಿದಳು. "ನಡುವಿನ ಗೋಡಿ ಬುಡಕ ಒಂದು ಪೈಪ್ ಹಾಯಸ್ರಿ. ನನ್ನ ಬಚ್ಚಲ ನೀರು ಮೊದಲಿನಂಗ ನಿಮ್ಮ ಗಟಾರಕ್ಕ ಹೋಗಲಿ. ಮಗ್ಗ ಇಲ್ಲೇ ಇರತೈತಿ, ನಾನೂ ಇಲ್ಲೇ ಇರತೀನಿ. ನಿಮ್ಮ ಶೆಡ್ಡು ನಿಮ್ಮ ಅಂಗಳದಾಗ ಹಾಕ್ಕೋರಿ. ಆಗಬಹುದೋ ಇಲ್ಲೋ?"

"ಆತು ವೈನಿ," ಅಂದ ಅವನು. ನನ್ನ ಕೈಯಲ್ಲಿದ್ದ ಗುದ್ದಲಿ ತಾನೇ ಇಸಿದುಕೊಂಡ.

ಪೈಪು ಎರಡು ದಿನದಲ್ಲಿ ಹಾಯಿತು. ಬಿರುಕನ್ನು ಕೂಡಲೇ ಮುಚ್ಚಬೇಡ, ಒಂದು ಬೇಸಿಗೆ ಒಂದು ಮಳೆಗಾಲ ಮೂಲೆಯ ಮಣ್ಣು ಉಳಿದದ್ದರ ಜೊತೆ ಹೊಂದಿಕೊಳ್ಳಲಿ ಎಂದು ಹೇಳಿದ್ದೆ. ಹಾಗೇ ಬಿಟ್ಟು, ಆಮೇಲೆ ಗಾರೆ ತುಂಬಿಸಿದೆವು. ಆ ಬಿರುಕು ಮತ್ತೆ ಬಾಯಿ ಬಿಡಲಿಲ್ಲ.

ಪೈಪು ಹಾಕಿದ ದಿನ ನಾನು ಹುನಗುಂದದ ಬಸ್ಸಿಗೆ ಹೊರಟಾಗ ಅಕ್ಕ ಬಾಗಿಲತನಕ ಬಂದಳು. ಹೊಗಳುತ್ತಾಳೆ ಅಂದುಕೊಂಡಿದ್ದೆ.

"ತಮ್ಮಾ, ನೀ ಶ್ಯಾಣ್ಯಾ ಇದ್ದಿ. ಊರ ಮಂದಿ ಮನಿ ಮ್ಯಾಲ ಬೇಕಾದಷ್ಟು ಮಾತು ಕೊಡು. ನನ್ನ ಮನಿ ಮ್ಯಾಲ ಮಾತು ಕೊಡೂ ಮುಂದ ನನ್ನ ಕೇಳು."

"ಕೇಳತೀನಿ," ಅಂದೆ. ಅದರ ಮೇಲೆ ಚೌಕಾಸಿ ಮಾಡಲಿಲ್ಲ.